ವೈನಿಗೆ ದುಡ್ಡು ಕೊಟ್ಟೆ, ದ್ರಾಕ್ಷಿ ರಸ ಬಂತು

ಇದು ಎರಡು ರಿವ್ಯೂ ಒಟ್ಟಿಗೆ. ಒಂದು, ಗಿಫ್ಟ್ ಬುಟ್ಟಿ ಮಾರುವ ವೆಬ್‌ಸೈಟಿನದು. ಇನ್ನೊಂದು, ನಮ್ಮ ದಾವಣಗೆರೆಯ ಒಂದು ವೈನ್ ಶಾಪಿನದು. ಎರಡರ ಹೆಸರನ್ನೂ ಹಾಕುವುದಿಲ್ಲ. ವೆಬ್‌ಸೈಟಿನ ಜೊತೆ ಜಗಳ ಇನ್ನೂ ಮುಗಿದಿಲ್ಲ, ಅಂಗಡಿಯವರು "ನಮ್ ಹೆಸ್ರು ಬ್ಯಾಡ ಬಿಡ್ರಿ ಅಕ್ಕಾರೆ" ಅಂದಿದ್ದಾರೆ. ಓದಲು ಪುರಸೊತ್ತಿಲ್ಲದವರಿಗೆ: ವೆಬ್‌ಸೈಟಿಗೆ 5ಕ್ಕೆ 1, ಅಂಗಡಿಗೆ 5ಕ್ಕೆ 4.

ಶುರು ಆಗಿದ್ದು ಶಿರಡಿಯಿಂದ. ಹೋದ ವರ್ಷ ರಜೆಯಲ್ಲಿ ಮನೆಮಂದಿಯೆಲ್ಲ ಟೆಂಪೋ ಟ್ರಾವೆಲರ್ ಮಾಡಿಕೊಂಡು ಶಿರಡಿ, ತ್ರ್ಯಂಬಕೇಶ್ವರ ಅಂತ ಹೊರಟಿದ್ದೆವು. ನಾಸಿಕ್ ದಾಟುವಾಗ ನಮ್ಮ ಮನೆಯವರಿಗೆ ದ್ರಾಕ್ಷಿ ತೋಟ ನೋಡುವ ಆಸೆ ಬಂತು. ದ್ರಾಕ್ಷಿ ತೋಟ ಅಂದರೆ ಏನು ಅಂತ ನನಗೆ ಗೊತ್ತಾಯಿತು, ಅತ್ತೆಗೂ ಗೊತ್ತಾಯಿತು, ಆದರೆ ಅವರು "ನೀವು ನೋಡ್ಕೊಂಡ್ ಬರ್ರಿ, ನಾನಿಲ್ಲೇ ಗಾಡ್ಯಾಗ ಮಂಡಕ್ಕಿ ತಿಂತಾ ಕೂರ್ತೀನಿ" ಅಂದುಬಿಟ್ಟರು. ಬೆಳಿಗ್ಗೆ ಜ್ಯೋತಿರ್ಲಿಂಗ, ಸಂಜೆ ವೈನರಿ, ಅಂದರೆ ವೈನ್ ಮಾಡುವ ಜಾಗ. ನಾಸಿಕ್‌ಗೆ ಹೋದವರಲ್ಲಿ ಹೀಗೆ ಮಾಡಿದವರು ನಾವೊಬ್ಬರೇ ಅಲ್ಲ ಅಂತ ಅಲ್ಲಿಯ ಪಾರ್ಕಿಂಗ್ ನೋಡಿದ ಮೇಲೆ ಸಮಾಧಾನ ಆಯಿತು.

ಅಲ್ಲಿ ಕುಡಿದದ್ದು ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್. ತಣ್ಣಗೆ, ಸ್ವಲ್ಪ ಸಿಹಿ, ಸ್ವಲ್ಪ ಹುಳಿ. ನನಗೆ ಬಹಳ ಹಿಡಿಸಿತು. ನಾಲ್ಕು ಬಾಟಲಿ ಊರಿಗೆ ಒಯ್ಯೋಣ ಅಂದರೆ ಅಲ್ಲಿಯ ಹುಡುಗನೇ ಲೇಬಲ್ ತಿರುಗಿಸಿ ತೋರಿಸಿದ. ಸಣ್ಣ ಅಕ್ಷರದಲ್ಲಿ "ಮಹಾರಾಷ್ಟ್ರದಲ್ಲಿ ಮಾತ್ರ ಮಾರಾಟಕ್ಕೆ" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ರಾಜ್ಯದ ಗಡಿ ದಾಟಿಸಬೇಕಾದರೆ ಪರ್ಮಿಟ್ ಬೇಕು, ಇಲ್ಲದಿದ್ದರೆ ಚೆಕ್‌ಪೋಸ್ಟಿನಲ್ಲಿ ನಿಮ್ಮ ಹಣೆಬರಹ ಅಂದ. ಮಾರಿಬಿಟ್ಟು ಸುಮ್ಮನಿರಬಹುದಿತ್ತು, ಆದರೆ ಹೇಳಿದ. ಆ ವೈನರಿಗೆ ನನ್ನಿಂದ ಪೂರ್ತಿ ಅಂಕ. ಒಂದು ಬಾಟಲಿ ಅಲ್ಲೇ ಮುಗಿಸಿ ಖಾಲಿ ಬಾಟಲಿಯನ್ನು ಮಾತ್ರ ಊರಿಗೆ ತಂದೆವು. ಅದರಲ್ಲಿ ಈಗ ಮನಿ ಪ್ಲಾಂಟ್ ಇದೆ, ಅಡುಗೆಮನೆ ಕಿಟಕಿಯಲ್ಲಿ.

ಊರಿಗೆ ಬಂದ ಮೇಲೂ ಆ ರುಚಿ ನೆನಪಿಂದ ಹೋಗಲಿಲ್ಲ. ಮದುವೆ ಆಗಿ 15 ವರ್ಷ ಆಗುವ ದಿನ ಹತ್ತಿರ ಬರುತ್ತಿತ್ತು. ವೈನರಿಗೆ ಮೇಲ್ ಹಾಕಿದೆ. ಮರುದಿನವೇ ಉತ್ತರ: ಗ್ರಾಹಕರ ಮನೆಗೆ ಬೇರೆ ರಾಜ್ಯಕ್ಕೆ ನಾವು ಕಳಿಸುವ ಹಾಗಿಲ್ಲ, ಕ್ಷಮಿಸಿ, ನಿಮ್ಮ ಊರಿನ ಅಂಗಡಿಯಲ್ಲಿ ಕೇಳಿ ನೋಡಿ. ನನಗೆ ಆಗ ಸಿಟ್ಟೇ ಬಂತು. ಮಿಕ್ಸಿ ಜಾರಿನ ರಬ್ಬರ್ ವಾಷರ್ ಕೂಡ ಮನೆಗೆ ಬರುವ ಕಾಲ ಇದು, ಒಂದು ಬಾಟಲಿ ಬರಲ್ವಾ?

ಹಾಗೆ ಹುಡುಕುತ್ತಾ ಸಿಕ್ಕಿದ್ದು ಈ ಗಿಫ್ಟ್ ವೆಬ್‌ಸೈಟ್. ಬುಟ್ಟಿಯಲ್ಲಿ ಚೀಸ್, ಚಾಕೊಲೇಟ್, ಬಿಸ್ಕೆಟ್, ನಡುವೆ ಎದ್ದು ನಿಂತ ಉದ್ದ ಕತ್ತಿನ ಹಸಿರು ಬಾಟಲಿ. ಮೇಲೆ ದಪ್ಪ ಅಕ್ಷರದಲ್ಲಿ ವೈನ್ ಹ್ಯಾಂಪರ್, ಭಾರತದ ಎಲ್ಲ ಕಡೆ ಡೆಲಿವರಿ. ಪಿನ್‌ಕೋಡ್ ಹಾಕಿದೆ. 577 ಅಂತ ಶುರುವಾಗುವ ನಮ್ಮ ಪಿನ್‌ಕೋಡಿಗೆ ಹಸಿರು ಟಿಕ್ ಬಂತು. ₹3,480 ಕಟ್ಟಿದೆ. ವಯಸ್ಸು ಕೇಳಲಿಲ್ಲ, ಗುರುತಿನ ಚೀಟಿ ಕೇಳಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ, ನನ್ನದೂ ತಪ್ಪು.

ನಾಲ್ಕನೇ ದಿನ ಬುಟ್ಟಿ ಬಂತು. ಪ್ಯಾಕಿಂಗ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಾಟಲಿ ಫ್ರಿಜ್ಜಿನಲ್ಲಿಟ್ಟು, ಮಕ್ಕಳು ಮಲಗಿದ ಮೇಲೆ ಮದುವೆಯಲ್ಲಿ ಬಂದ ಗಾಜಿನ ಲೋಟಗಳನ್ನು ಶೋಕೇಸಿನಿಂದ ಇಳಿಸಿ ತೊಳೆದು, ನಮ್ಮ ಮನೆಯವರು ಹೋಟೆಲ್ ಸಪ್ಲೈಯರ್ ಥರ ಎಡಗೈ ಬೆನ್ನಿಗಿಟ್ಟು ಬಗ್ಗಿ ಸುರಿದರು. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ನಾನೂ ಕುಡಿದೆ. ಮದುವೆ ಊಟದಲ್ಲಿ ಕೊಡುವ ದ್ರಾಕ್ಷಿ ಜ್ಯೂಸ್. ಸೋಡಾ ಹಾಕಿದ್ದು, ಅಷ್ಟೇ ವ್ಯತ್ಯಾಸ. ಲೇಬಲ್ ಓದಿದರೆ ಆಲ್ಕೋಹಾಲ್ ಇಲ್ಲದ ಪಾನೀಯ ಅಂತ ಅಲ್ಲೇ ಇದೆ. ವೆಬ್‌ಸೈಟಿನ ತಳದಲ್ಲಿ, ನಿಯಮ ಮತ್ತು ಷರತ್ತು ಅನ್ನುವಲ್ಲಿ ಹೋಗಿ ಹುಡುಕಿದರೆ, "ಕಾನೂನಿನ ಕಾರಣ ಕೆಲವು ಸ್ಥಳಗಳಿಗೆ ವೈನ್ ಬದಲು ತತ್ಸಮಾನ ಪಾನೀಯ ಕಳಿಸಲಾಗುವುದು" ಅಂತಿತ್ತು. ತತ್ಸಮಾನ ಅಂತೆ! ಮರುದಿನ ಮಕ್ಕಳು ಆ ಬಾಟಲಿ ಖಾಲಿ ಮಾಡಿದರು. ಮನೆಯಲ್ಲಿ ಆ ಬುಟ್ಟಿಯಿಂದ ಖುಷಿಯಾದವರು ಅವರಿಬ್ಬರೇ.

ಕಸ್ಟಮರ್ ಕೇರಿಗೆ ಆರು ಸಲ ಫೋನ್ ಮಾಡಿದೆ. ಪ್ರತಿ ಸಲ ಹೊಸಬರು, ಪ್ರತಿ ಸಲ ಕಥೆ ಮೊದಲಿನಿಂದ. 19 ದಿನ ಆದ ಮೇಲೆ ಅರ್ಧ ದುಡ್ಡು ವಾಪಸ್ ಬಂತು. ಉಳಿದ ಅರ್ಧ ಚೀಸ್, ಚಾಕೊಲೇಟಿಗಂತೆ. ಇವರಿಗೆ ಆ 1 ಅಂಕ ಕೊಟ್ಟಿದ್ದು ಪ್ಯಾಕಿಂಗಿಗೆ.

ವೈನ್ ಕಳಿಸಲಿಲ್ಲ ಅಂತ ನನ್ನ ಸಿಟ್ಟಲ್ಲ, ಇಷ್ಟು ಮಾತ್ರ ತಿಳಿದುಕೊಳ್ಳಿ. ಕಳಿಸುವ ಹಾಗೇ ಇಲ್ಲ. ಅದು ಅವರಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಬಾಟಲಿಯ ಫೋಟೋ ಹಾಕಿ ಹಸಿರು ಟಿಕ್ ಕೊಟ್ಟರು. ವೈನರಿಯವರೂ "ಇಲ್ಲ" ಅಂದರು, ಇವರದೂ "ಇಲ್ಲ"ವೇ. ಅವರು ದುಡ್ಡು ಮುಟ್ಟುವ ಮೊದಲು ಅಂದರು, ಇವರು ದುಡ್ಡು ತಗೊಂಡು ಷರತ್ತಿನೊಳಗೆ ಬಚ್ಚಿಟ್ಟು ಅಂದರು.

ಯಾಕೆ ಕಳಿಸುವ ಹಾಗಿಲ್ಲ ಅಂತ ನನಗೆ ಸರಿಯಾಗಿ ತಿಳಿಸಿದ್ದು ಅಂಗಡಿಯವರು. ಉಳಿದದ್ದು ಹಠಕ್ಕೆ ಬಿದ್ದು ನಾನೇ ಓದಿಕೊಂಡೆ. ನಮ್ಮ ಸಂವಿಧಾನದ 7ನೇ ಅನುಸೂಚಿಯಲ್ಲಿ ರಾಜ್ಯಗಳ ಪಟ್ಟಿ ಇದೆಯಲ್ಲ, ಅದರ 8ನೇ ನಮೂದು ಮದ್ಯದ್ದು. ತಯಾರಿಸುವುದು, ಇಟ್ಟುಕೊಳ್ಳುವುದು, ಸಾಗಿಸುವುದು, ಕೊಳ್ಳುವುದು, ಮಾರುವುದು, ಎಲ್ಲ ಆಯಾ ರಾಜ್ಯದ ಕೈಯಲ್ಲಿ. ಹಾಗಾಗಿ ಮದ್ಯದ ಮಟ್ಟಿಗೆ ಇಡೀ ದೇಶಕ್ಕೆ ಒಂದೇ ಮಾರುಕಟ್ಟೆ ಅನ್ನುವುದೇ ಇಲ್ಲ. ಬಿಹಾರ, ಗುಜರಾತಿನಲ್ಲಿ ಪಾನನಿಷೇಧ, ಗೋವಾದಲ್ಲಿ ಬೇರೆಯೇ ಲೋಕ. ಜಿಎಸ್‌ಟಿ ಬಂದಾಗಲೂ ಕುಡಿಯುವ ಮದ್ಯವನ್ನು ಅದರ ಹೊರಗೇ ಬಿಟ್ಟರು, ಯಾಕೆಂದರೆ ಈ ಅಬಕಾರಿ ದುಡ್ಡನ್ನು ಯಾವ ರಾಜ್ಯವೂ ಬಿಟ್ಟುಕೊಡಲು ತಯಾರಿಲ್ಲ. ನಾಸಿಕ್‌ನಿಂದ ನನ್ನ ಮನೆಗೆ ನೇರ ಒಂದು ಪಾರ್ಸಲ್ ಬಂದರೆ ನಮ್ಮ ಸರ್ಕಾರಕ್ಕೆ ಬರಬೇಕಾದ ತೆರಿಗೆ ತಪ್ಪಿತು ಅಂತ ಲೆಕ್ಕ. ಅದಕ್ಕೇ 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಹೊರಗಿನಿಂದ ತರಿಸಲು, ಸಾಗಿಸಲು ಎಲ್ಲದಕ್ಕೂ ಪರ್ಮಿಟ್ಟು, ಪಾಸು.

ಹೋಗಲಿ, ಗಡಿಯ ಆಚೆಯದು ಬೇಡ. ನಮ್ಮ ಮನೆಯಿಂದ ಎರಡು ಕಿಲೋಮೀಟರ್ ದೂರದ ಅಂಗಡಿಯವರು ಮನೆಗೆ ತಂದುಕೊಡಬಹುದಾ? ಅದೂ ಇಲ್ಲ. ಬೆಂಗಳೂರಿನಲ್ಲಿ ಒಂದು ಆ್ಯಪ್ ಕಂಪನಿ ಹೀಗೆ ಮನೆಗೆ ತಲುಪಿಸುತ್ತಿತ್ತು, ಇಲಾಖೆ ತಡೆಯಿತು, ಕಂಪನಿ ಹೈಕೋರ್ಟಿಗೆ ಹೋಯಿತು. ಕಾಯ್ದೆಯಲ್ಲಿ ಆನ್‌ಲೈನ್ ಮಾರಾಟಕ್ಕೆ, ಮನೆ ಬಾಗಿಲಿಗೆ ಕೊಡುವುದಕ್ಕೆ ಅವಕಾಶವೇ ಇಲ್ಲ ಅಂತ 2019ರಲ್ಲಿ ತೀರ್ಪು ಬಂತು. ಮರುವರ್ಷ ಲಾಕ್‌ಡೌನ್‌ನಲ್ಲಿ ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳದಲ್ಲಿ ಊಟ ತರುವ ಆ್ಯಪಿನ ಹುಡುಗರೇ ಬಾಟಲಿಯನ್ನೂ ತಂದುಕೊಟ್ಟರು. ನಮ್ಮಲ್ಲಿ ಮೇ 4ಕ್ಕೆ ಅಂಗಡಿ ತೆರೆದಾಗ ಜನ ಬೆಳಿಗ್ಗೆಯಿಂದ ಚಪ್ಪಲಿ, ಚೀಲ ಸಾಲಿಗಿಟ್ಟು ಕಾದದ್ದನ್ನು ಟಿವಿಯಲ್ಲಿ ನೀವೂ ನೋಡಿರುತ್ತೀರಿ.

ಅಮೆರಿಕದಲ್ಲಿ ಎಲ್ಲ ಸಲೀಸು ಅಂದುಕೊಂಡಿದ್ದೆ. ಅಲ್ಲಿರುವ ಚಿಕ್ಕಪ್ಪನ ಮಗನನ್ನು ಕೇಳಿದರೆ ಅವನು ನಕ್ಕ. ಅಲ್ಲೂ 1933ರಲ್ಲಿ ಪಾನನಿಷೇಧ ತೆಗೆದಾಗ ಮದ್ಯದ ಉಸ್ತುವಾರಿಯನ್ನು ರಾಜ್ಯಗಳಿಗೇ ಬಿಟ್ಟರಂತೆ. ಹಾಗಾಗಿ ರಾಜ್ಯಕ್ಕೊಂದು ರೂಲ್ಸು. ನ್ಯೂಯಾರ್ಕಿನವರು ತಮ್ಮ ರಾಜ್ಯದ ವೈನರಿಗಳಿಗೆ ಗ್ರಾಹಕರ ಮನೆಗೆ ನೇರ ಕಳಿಸಲು ಬಿಡುತ್ತಿದ್ದರು, ಹೊರಗಿನವರಿಗೆ ಇಲ್ಲ. ವರ್ಜೀನಿಯಾದಲ್ಲಿ ಸಣ್ಣ ದ್ರಾಕ್ಷಿ ತೋಟ ಇಟ್ಟುಕೊಂಡಿದ್ದ ಜುವಾನಿಟಾ ಸ್ವೀಡನ್‌ಬರ್ಗ್ ಅನ್ನುವ ಹೆಂಗಸು ಇದ್ಯಾವ ನ್ಯಾಯ ಅಂತ ಕೋರ್ಟಿಗೆ ಹೋದರು. ಮಿಷಿಗನ್ ರಾಜ್ಯದ ಇನ್ನೊಂದು ಕೇಸಿನ ಜೊತೆ ಸೇರಿ ಅದು ಸುಪ್ರೀಂ ಕೋರ್ಟಿಗೆ ಮುಟ್ಟಿತು. 2005ರಲ್ಲಿ 5-4 ಬಹುಮತದ ತೀರ್ಪು: ಒಳಗಿನ ವೈನರಿಗೆ ಒಂದು, ಹೊರಗಿನದಕ್ಕೆ ಒಂದು ನ್ಯಾಯ ಮಾಡುವ ಹಾಗಿಲ್ಲ, ಬಿಟ್ಟರೆ ಇಬ್ಬರಿಗೂ ಬಿಡಿ, ಇಲ್ಲ ಅಂದರೆ ಇಬ್ಬರಿಗೂ ಇಲ್ಲ ಅನ್ನಿ. ಅದಾದ ಮೇಲೆ ಹೆಚ್ಚಿನ ರಾಜ್ಯಗಳು ಬಾಗಿಲು ತೆರೆದವು. ಯೂಟಾ ರಾಜ್ಯದವರಂತೂ ಈಗಲೂ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅಮೆರಿಕದ ಸರ್ಕಾರಿ ಅಂಚೆಯಲ್ಲಿ ಮದ್ಯ ಕಳಿಸುವಂತೆಯೇ ಇಲ್ಲ, ಲೈಸೆನ್ಸ್ ಇರುವ ವೈನರಿಯವರು ಖಾಸಗಿ ಕೊರಿಯರ್‌ನಲ್ಲಿ ಕಳಿಸಬೇಕು, ಮನೆಯಲ್ಲಿ 21 ತುಂಬಿದವರೊಬ್ಬರು ಸಹಿ ಹಾಕಿಯೇ ತಗೋಬೇಕು.

ಒಂದು ಸಲ ಚಿಕ್ಕಪ್ಪನ ಮಗ ಆಫೀಸಿಗೆ ಹೋದಾಗ ವೈನ್ ಬಾಕ್ಸ್ ಬಂತಂತೆ. ಮನೆಯಲ್ಲಿ ಇದ್ದವರು ಇಲ್ಲಿಂದ ಹೋಗಿದ್ದ ನಮ್ಮ ಚಿಕ್ಕಮ್ಮ, 68 ವರ್ಷ. ಕೊರಿಯರ್‌ನವನು ಹುಟ್ಟಿದ ತಾರೀಕು ಇರುವ ದಾಖಲೆ ತೋರಿಸಿ ಅಂದ. ಚಿಕ್ಕಮ್ಮ ಪಾಸ್‌ಪೋರ್ಟ್ ತಂದು ತೋರಿಸಿ, ಕನ್ನಡದಲ್ಲಿ ಸಹಿ ಹಾಕಿ, ಮಗ ಏನೋ ಕಾರಿನ ಸಾಮಾನು ತರಿಸಿದ್ದಾನೆ ಅಂತ ದೇವರ ಮನೆ ಪಕ್ಕ ಇಟ್ಟರು. ಆಮೇಲೆ ಏನಾಯಿತು ಅಂತ ನಾನು ಬರೆಯುವುದಿಲ್ಲ.

ಈಗ ಅಂಗಡಿ.

ನಮ್ಮೂರಲ್ಲಿ ವೈನ್ ಶಾಪ್ ಅಂದರೆ ವೈನ್ ಒಂದು ಬಿಟ್ಟು ಬಾಕಿ ಎಲ್ಲ ಸಿಗುವ ಅಂಗಡಿ. ವಿಸ್ಕಿ, ರಮ್ಮು, ಬಿಯರ್, ಟೆಟ್ರಾ ಪ್ಯಾಕ್. ವೈನ್ ಕೇಳಿದರೆ ಮೇಲಿನ ಶೆಲ್ಫಿನಿಂದ ಧೂಳು ಒರೆಸುತ್ತಾ ಒಂದು ಸಿಹಿ ಕೆಂಪು ಬಾಟಲಿ ಇಳಿಸುತ್ತಾರೆ, ಕ್ರಿಸ್‌ಮಸ್ ಕೇಕಿಗಾ ಅಂತ ಕೇಳುತ್ತಾರೆ. ಮತ್ತೆ ಹೆಂಗಸರು ಕೌಂಟರ್ ಮುಂದೆ ನಿಂತರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಯಾರೂ ಏನೂ ಅನ್ನಲ್ಲ, ಎಲ್ಲರೂ ನೋಡುತ್ತಾರೆ, ಅದರಲ್ಲಿ ಒಬ್ಬರು ನಿಮ್ಮ ಮಗಳ ಕ್ಲಾಸ್‌ಮೇಟಿನ ಅಪ್ಪ ಆಗಿರುತ್ತಾರೆ. ಮನೆಗೆ ಬಂದರೆ ಚೆನ್ನಾಗಿತ್ತು ಅಂತ ನಾನು ಅಷ್ಟು ಒದ್ದಾಡಿದ್ದು ಸೋಮಾರಿತನಕ್ಕಲ್ಲ, ಈ ಕಾರಣಕ್ಕೆ. ಇದನ್ನು ಕಾನೂನು ಮಾಡುವವರು ಯಾರೂ ಯೋಚಿಸಿದ ಹಾಗೆ ಕಾಣಲಿಲ್ಲ. ಇನ್ನೊಂದು ಕಡೆ, ಬಾಗಿಲು ತೆರೆದು ಪಾರ್ಸಲ್ ತಗೊಳ್ಳುವುದು ನಮ್ಮ ಮನೆಯಲ್ಲಿ 11 ವರ್ಷದ ಮಗ. ಅವನ ಕೈಗೆ ಬಾಟಲಿ ಕೊಟ್ಟು ಹೋಗುವ ಡೆಲಿವರಿ ನನಗೂ ಬೇಡ.

ಈ ಅಂಗಡಿ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗಿದೆ. ಪಾರ್ಸಲ್ ಮಾತ್ರ, ಅಂದರೆ ಸಿಎಲ್-2 ಅನ್ನುವ ಲೈಸೆನ್ಸು, ಅಲ್ಲಿ ಕೂತು ಕುಡಿಯುವ ಹಾಗಿಲ್ಲ, ಅದಕ್ಕೇ ಗಲಾಟೆ ಕಮ್ಮಿ. ಮೊದಲ ಸಲ ನಮ್ಮ ಮನೆಯವರನ್ನು ಕಳಿಸಿದೆ. ಎರಡನೇ ಸಲ ಮಧ್ಯಾಹ್ನ ಮೂರು ಗಂಟೆಗೆ, ಜನ ಇಲ್ಲದ ಹೊತ್ತು ನೋಡಿ ನಾನೇ ಹೋದೆ. ಮಾಲೀಕರು ಐವತ್ತು ದಾಟಿದವರು, ಹಣೆ ಮೇಲೆ ವಿಭೂತಿ, ಟೇಬಲ್ ಮೇಲೆ ಅಬಕಾರಿ ಇಲಾಖೆಯ ರಿಜಿಸ್ಟರು. ಮೊಬೈಲಿನಲ್ಲಿ ಮನಿ ಪ್ಲಾಂಟ್ ಬಾಟಲಿಯ ಫೋಟೋ ತೋರಿಸಿ ಇದು ಬೇಕು ಅಂದೆ. ಕನ್ನಡಕ ಏರಿಸಿ ನೋಡಿ, "ಇದು ಅವರ ರಾಜ್ಯದ್ದು ಅಕ್ಕಾರೆ. ಇದ್ರದೇ ನಮ್ ರಾಜ್ಯದ್ ಲೇಬಲ್ ಐತೋ ಇಲ್ಲೋ ನೋಡ್ತೀನಿ, ಇದ್ರೆ ತರಿಸ್ಬೋದು, ಇಲ್ಲಾಂದ್ರೆ ಆಗಂಗಿಲ್ಲ" ಅಂದರು.

ಲೇಬಲ್ ಅಂದರೆ ಏನು ಅಂತ ಅಲ್ಲೇ ನಿಲ್ಲಿಸಿ ಪಾಠ ಮಾಡಿದರು. ಹೊರಗಿನ ಕಂಪನಿ ಇಲ್ಲಿ ಮಾರಬೇಕಾದರೆ ತನ್ನ ಒಂದೊಂದು ಬ್ರ್ಯಾಂಡಿನ ಲೇಬಲ್ಲಿಗೂ ಇಲ್ಲಿಯ ಅಬಕಾರಿ ಇಲಾಖೆಯ ಒಪ್ಪಿಗೆ ತಗೋಬೇಕು, ಶುಲ್ಕ ಕಟ್ಟಬೇಕು. ಮಾಲು ರಾಜ್ಯ ಪಾನೀಯ ನಿಗಮದ ಡಿಪೋಗೆ ಬರುತ್ತದೆ. ಆ ನಿಗಮ ಶುರುವಾಗಿದ್ದು 2003ರಲ್ಲಿ. ಅಂಗಡಿಯವರು ಬೇಕಾದ ಮಾಲಿಗೆ ಇಂಡೆಂಟ್, ಅಂದರೆ ಆರ್ಡರ್ ಹಾಕಿ, ಮೊದಲೇ ದುಡ್ಡು ಕಟ್ಟಿ ಅಲ್ಲಿಂದ ಎತ್ತಬೇಕು. ಅದೂ ಬಿಡಿಯಾಗಿ ಅಲ್ಲ, ಕೇಸ್ ಲೆಕ್ಕದಲ್ಲಿ, ಅಂದರೆ 12 ಬಾಟಲಿಯ ಡಬ್ಬ. "ನಿಮಗೆ ಎಲ್ಡ್ ಬೇಕು ಅಂತೀರಿ, ಉಳಿದ ಹತ್ತು ನಾನ್ ಯಾರಿಗ್ ಕೊಡ್ಲಿ" ಅಂತ ಅವರು ಕೇಳಿದ್ದರಲ್ಲಿ ನ್ಯಾಯ ಇತ್ತು. ನಾನು ಮನೆಗೆ ಬಂದು ನಾಲ್ಕು ಗೆಳತಿಯರಿಗೆ ಫೋನ್ ಮಾಡಿದೆ. ಏಳು ಬಾಟಲಿಗೆ ಗಿರಾಕಿ ಸಿಕ್ಕರು! ವೈನ್ ಕುಡಿಯುತ್ತೇನೆ ಅಂತ ಇಷ್ಟು ವರ್ಷ ಯಾರೂ ಯಾರಿಗೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

12 ದಿನಕ್ಕೆ ಬಂತು. ಫೋನ್ ಮಾಡಿ "ಬಂದೈತಿ ಅಕ್ಕಾರೆ" ಅಂದರು. ಕಾರಿನ ಹತ್ತಿರ ತಂದುಕೊಡ್ತೀರಾ ಅಂತ ಕೇಳಿದ್ದಕ್ಕೆ, "ಕೌಂಟರ್ ದಾಟಿ ಕೊಡಂಗಿಲ್ರಿ, ನನ್ ಲೈಸೆನ್ಸು" ಅಂದರು. ಹತ್ತು ಹೆಜ್ಜೆ. ಅದೂ ಇಲ್ಲ. ಆದರೆ ನಾನು ಹೋಗುವ ಹೊತ್ತಿಗೆ ಬಾಟಲಿ ತೆಗೆದಿಟ್ಟು, ಬಿಲ್ ಬರೆದಿಟ್ಟು, ಒಂದು ನಿಮಿಷದಲ್ಲಿ ಕಳಿಸಿದರು. ಬೆಲೆ ನಾಸಿಕ್‌ನದಕ್ಕಿಂತ ಜಾಸ್ತಿ, ಅದು ಇಲ್ಲಿಯ ತೆರಿಗೆ. ಎಂಆರ್‌ಪಿ ಮೇಲೆ ಒಂದು ರೂಪಾಯಿ ಸೇರಿಸಲಿಲ್ಲ.

ಮನೆಗೆ ತಂದು ಮನಿ ಪ್ಲಾಂಟ್ ಬಾಟಲಿ ಪಕ್ಕ ಇಟ್ಟು ನೋಡಿದೆ. ಅದೇ ದ್ರಾಕ್ಷಿ, ಅದೇ ತೋಟ, ಅದೇ ಹಸಿರು ಗಾಜು. ಅದರಲ್ಲಿ ಮಹಾರಾಷ್ಟ್ರದಲ್ಲಿ ಮಾತ್ರ, ಇದರಲ್ಲಿ ಕರ್ನಾಟಕದಲ್ಲಿ ಮಾತ್ರ. ಇಷ್ಟೆಲ್ಲ ಫಜೀತಿ ಆ ಒಂದು ಸಾಲಿಗೆ.

ರುಚಿ ಬಗ್ಗೆ ಎರಡು ಮಾತು. ಚೆನ್ನಾಗಿ ತಣ್ಣಗಾಗಲೇಬೇಕು, ಫ್ರಿಜ್ಜಿನಲ್ಲಿ ಮೂರು ತಾಸಾದರೂ ಇಡಿ. ಮಿರ್ಚಿ ಬಜ್ಜಿ ಜೊತೆ ಬಹಳ ಚೆನ್ನಾಗಿ ಹೋಗುತ್ತದೆ. ಖಾರ ನಾಲಿಗೆ ಮೇಲೆ ಇರುವಾಗಲೇ ಒಂದು ಗುಟುಕು ಕುಡಿದರೆ ಆ ಸ್ವಲ್ಪ ಸಿಹಿ ಹಿತ ಅನ್ನಿಸುತ್ತದೆ. ಬೆಣ್ಣೆ ದೋಸೆ ಜೊತೆ ನೋಡಿದೆ, ಬೇಡ. ಎರಡೂ ಕೆಟ್ಟವು.

ಒಂದು ಅಂಕ ಕಟ್ ಮಾಡಿದ್ದು ಯಾಕೆ ಅಂದರೆ, ಮೊದಲ ಸಲ ನಮ್ಮ ಮನೆಯವರು ಅಲ್ಲಿಂದ ತಂದ ಕೆಂಪು ವೈನ್ ಹಾಳಾಗಿತ್ತು. ಏಪ್ರಿಲ್ ತಿಂಗಳು, ನಮ್ಮೂರ ಬಿಸಿಲು ಗೊತ್ತಲ್ಲ, ಆ ಬಾಟಲಿ ಪಶ್ಚಿಮಕ್ಕೆ ಮುಖ ಮಾಡಿದ ಶೋಕೇಸಿನಲ್ಲಿ ಎಷ್ಟು ತಿಂಗಳಿಂದ ನಿಂತಿತ್ತೋ. ಬೇಯಿಸಿದ ಹಣ್ಣಿನ ವಾಸನೆ, ಕುಡಿದರೆ ಹುಣಸೆ ನೀರು. ವಿಸ್ಕಿ ಹೇಗೆ ಇಟ್ಟರೂ ನಡೆಯುತ್ತದೆ, ವೈನ್ ನಡೆಯಲ್ಲ. ಹೇಳಿದಾಗ ಬದಲಿಸಿ ಕೊಡಲಿಲ್ಲ, ಆದರೆ ನನ್ನ ಮುಂದೆಯೇ ಹುಡುಗನನ್ನು ಕರೆದು ಉಳಿದ ವೈನ್ ಬಾಟಲಿಗಳನ್ನು ಬಿಯರ್ ಫ್ರಿಜ್ಜಿನ ಕೆಳಗಿನ ಖಾನೆಗೆ ಹಾಕಿಸಿದರು. ಈಗಲೂ ಅಲ್ಲೇ ಇವೆ. ನೀವು ಹೋದರೆ ಫ್ರಿಜ್ಜಿನದೇ ಕೇಳಿ, ಶೋಕೇಸಿನಲ್ಲಿ ಇನ್ನೂ ಎರಡು ಮೂರು ನಿಂತಿವೆ, ಅವನ್ನು ಮುಟ್ಟಬೇಡಿ.

ಬೇಕಾದ ಬ್ರ್ಯಾಂಡ್ ಇದ್ದರೆ ಎರಡು ವಾರ ಮುಂಚೆ ಹೇಳಿ, ಅರ್ಧ ಕೇಸಿಗಾದರೂ ಜನ ಸೇರಿಸಿ. ಜೂನ್ ಕೊನೆಯ ವಾರ ಹೋಗಬೇಡಿ. ಅಬಕಾರಿ ವರ್ಷ ಜುಲೈ 1ಕ್ಕೆ ಶುರು, ಆಗ ಲೈಸೆನ್ಸು, ಲೇಬಲ್ಲು ಎಲ್ಲದರ ರಿನ್ಯೂವಲ್ ಗಡಿಬಿಡಿಯಲ್ಲಿ ಅವರು ಮುಖ ಎತ್ತಿ ಮಾತಾಡಲ್ಲ. ಗಣೇಶನ ಮೆರವಣಿಗೆಗೆ ಡಿಸಿ ಆದೇಶ ಬಂದಿದ್ದರೆ ಆ ದಿನ ಶಟರ್ ಕೆಳಗೆ. ಪಾರ್ಕಿಂಗ್ ಇಲ್ಲ, ಸ್ಕೂಟರಿನಲ್ಲಿ ಹೋಗಿ. ಚೀಲ ನೀವೇ ಒಯ್ಯಿರಿ, ಅವರು ಕೊಡುವುದು ಹಳೇ ಪೇಪರ್ ಮಾತ್ರ. ಆದರೆ ಪೇಪರ್ ಸುತ್ತುವುದರಲ್ಲಿ ಆ ಹುಡುಗನ ಕೈ ಗಟ್ಟಿ. ಗುಂಡಿ ಬಿದ್ದ ರಸ್ತೆಯಲ್ಲಿ ಮೂರು ಬಾಟಲಿ ತಂದೆ, ಒಂದಕ್ಕೊಂದು ತಾಗಿದ ಸದ್ದೂ ಬರಲಿಲ್ಲ.